ಸಿಲ್ವರ್ ಮರ ಕೊಡೋಕೆ ಮುಂಚೆ ಒಂದ್ಸಲ ಇದನ್ನ ಓದಿ

ನಮ್ದು ಸಕಲೇಶಪುರದ ಕಡೆ ಆರು ಎಕರೆ ಅರೇಬಿಕಾ ಕಾಫಿ ತೋಟ. ಕಾಫಿಗೆ ನೆರಳಿಗೆ ಅಂತ ಅಪ್ಪ ನೆಟ್ಟ ಸಿಲ್ವರ್ ಓಕ್ ಮರಗಳು ಇಪ್ಪತ್ತೈದು ವರ್ಷದ್ದು, ಕಂಬದ ಹಾಗೆ ನೆಟ್ಟಗೆ ಹೋಗಿದ್ವು. ಮೂರು ವರ್ಷದ ಹಿಂದೆ ಮಗಳ ಕಾಲೇಜ್ ಫೀಸು, ಸೊಸೈಟಿ ಸಾಲ ಎರಡೂ ಒಟ್ಟಿಗೆ ಕುತ್ತಿಗೆಗೆ ಬಂತು, ಮೆಣಸಿನ ಬಳ್ಳಿ ಇಲ್ದೇ ಇರೋ 40 ಮರ ಕೊಟ್ಬಿಡೋಣ ಅಂದ್ಕೊಂಡೆ. ಮರ ಮಾರಿದ್ದು ತಪ್ಪು ಅಂತ ಈಗ್ಲೂ ಅನ್ನಲ್ಲ, ಮಾರಿದ ರೀತಿ ತಪ್ಪು.

ಪರಿಚಯದವರೇ ಒಬ್ಬ ವ್ಯಾಪಾರಿನ ಕಳ್ಸಿದ್ರು. ಮಾತು ಬೆಣ್ಣೆ. "ಅಣ್ಣ, ಫೆಬ್ರವರಿಲಿ ಕೊಯ್ಲು ಮುಗೀತಿದ್ದ ಹಾಗೆ ಕಡ್ದು, ಕಾಫಿ ಅರಳಿಸೋ ಹೂ ಮಳೆ ಬರೋದ್ರೊಳಗೆ ತೋಟ ಕ್ಲೀನ್ ಮಾಡ್ಕೊಟ್ಟು ಹೋಗ್ತೀನಿ" ಅಂದ, 50 ಸಾವಿರ ಅಡ್ವಾನ್ಸ್ ಕೈಗಿಟ್ಟ. ಕಾಗದ ಇಲ್ಲ ಪತ್ರ ಇಲ್ಲ, ನಾನೂ ಕೇಳ್ಲಿಲ್ಲ, ಪರಿಚಯದವ್ರ ಕಡೆಯವನು ಅಂತ ಸಂಕೋಚ, ನಮ್ಮ ಕಡೆ ಇದೇ ದೊಡ್ಡ ಕಾಯಿಲೆ. ಗುರುತಿಗೆ ಅಂತ ಅವ್ನ ಹುಡುಗರು ಮರಕ್ಕೆಲ್ಲ ಸೀಮೆಸುಣ್ಣದಲ್ಲಿ ಗೀಟು ಎಳ್ದು ಹೋದ್ರು.

ಫೆಬ್ರವರಿ ಹೋಯ್ತು, ಮಾರ್ಚ್ ಹೋಯ್ತು, ಹೂ ಮಳೆ ಬಂತು, ಹೂವೂ ಚೆನ್ನಾಗೇ ಆಯ್ತು, ಗೀಟೆಲ್ಲ ತೊಳ್ದು ಹೋಯ್ತು. ಅವನು ಬಂದಿದ್ದು ಏಪ್ರಿಲ್ ಕೊನೇಲಿ. ಬೇಡ ಹೋಗಪ್ಪ ಅನ್ನೋಣ ಅಂದ್ರೆ ಅಡ್ವಾನ್ಸ್ ಆಗ್ಲೇ ಫೀಸಿಗೆ ಹೋಗಿತ್ತು. ಗಿಡದಲ್ಲಿ ಆಗಷ್ಟೇ ಕಾಯಿ ಕಚ್ಚಿದ ಟೈಮು. ಮೊದ್ಲು ಮರ ಹತ್ತಿ ಕೊಂಬೆ ಸವರಿ, ಹಗ್ಗ ಕಟ್ಟಿ, ಸಾಲಿನ ಮಧ್ಯಕ್ಕೆ ಬೀಳಿಸ್ಬೇಕು ಅಂತ ಮಾತಾಗಿತ್ತು. ಹತ್ತೋ ಆಳಿಗೆ ಕೂಲಿ ಜಾಸ್ತಿ ಅಂತ ಸೀದಾ ಬುಡಕ್ಕೇ ಮೆಷಿನ್ ಇಟ್ರು. ಒಂದೊಂದು ಮರ ಬಿದ್ದಾಗ್ಲೂ ಆರೇಳು ಗಿಡ ನೆಲ ಕಚ್ತು, ಆಮೇಲೆ ಟ್ರ್ಯಾಕ್ಟರ್ ದಿಮ್ಮಿ ಎಳೆದ ದಾರೀಲಿ ಇನ್ನಷ್ಟು. ಮಧ್ಯದಲ್ಲಿ ಎರಡು ದಿನ ಮದ್ವೆಗೆ ಅಂತ ಹಾಸನಕ್ಕೆ ಹೋಗಿದ್ದೆ, ಬಂದು ಬುಡ ಎಣಿಸಿದ್ರೆ 53! ಕೇಳಿದ್ರೆ "ಗುರುತು ಇತ್ತಲ್ಲ ಅಣ್ಣ" ಅಂತಾನೆ. ಮೂಲೇಲಿದ್ದ ನಂದಿ ಮರದ ಮೇಲೂ ಕಣ್ಣು ಹಾಕಿದ್ದ, ಸಿಲ್ವರ್ ಜೊತೆ ಲೋಡಲ್ಲಿ ಹಾಕ್ಬಿಡ್ತೀನಿ ಯಾರಿಗೂ ಗೊತ್ತಾಗಲ್ಲ ಅಂತ. ಸಿಲ್ವರ್‌ಗೆ ಕಡಿಯೋ ಪರ್ಮಿಷನ್ ಬೇಡ ನಿಜ, ಆದ್ರೆ ನಂದಿ, ಹೊನ್ನೆ, ಬೀಟೆ ತರದ ಕಾಡುಮರ ಮುಟ್ಟಿದ್ರೆ ಕೇಸು, ಪಹಣಿ ಇರೋದು ನನ್ನ ಹೆಸರಲ್ಲಿ. ಅದೊಂದಕ್ಕೆ ಮಾತ್ರ ಗಟ್ಟಿಯಾಗಿ ಬೇಡ ಅಂದೆ.

ಅಳತೆ ಕಥೆ ಕೇಳಿ. ನಮ್ಮ ವ್ಯವಹಾರ ಘನ ಅಡಿ, ಅಂದ್ರೆ ಸಿಎಫ್‌ಟಿ ಲೆಕ್ಕದಲ್ಲಿ. ಸುತ್ತಳತೆ ಇಂಚಲ್ಲಿ ತಗೊಂಡು ನಾಲ್ಕರಿಂದ ಭಾಗಿಸಿ, ಬಂದಿದ್ದನ್ನ ಅದರಿಂದ್ಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸೋದು. 48 ಇಂಚಿನ ಹತ್ತಡಿ ದಿಮ್ಮಿ ಆದ್ರೆ 12 ಇಂಟು 12 ಇಂಟು 10, ಭಾಗಿಸು 144, ಸರಿಯಾಗಿ 10 ಸಿಎಫ್‌ಟಿ. ಅದೇ ದಿಮ್ಮಿನ 44 ಅಂತ ಬರ್ಕೊಂಡ್ರೆ 8.4! ನಾಲ್ಕೇ ಇಂಚು ಅಲ್ವಾ ಅನ್ಸುತ್ತೆ, ನೂರು ದಿಮ್ಮಿಗೆ ಎಷ್ಟಾಯ್ತು ನೀವೇ ಲೆಕ್ಕ ಹಾಕಿ. ಅವ್ನ ಹುಡುಗ ಟೇಪು ಇಡ್ತಿದ್ದಿದ್ದು ಮಧ್ಯಕ್ಕಲ್ಲ, ಸಣ್ಣ ತುದಿಗೆ. ಅದ್ರ ಮೇಲೆ "ತೊಗಟೆಗೆ ಎರಡಿಂಚು ಕಳೀಬೇಕು ಅಣ್ಣ" ಅಂತ ಬೇರೆ. ಮಾರಾಯ್ರೆ, ಈ ಫಾರ್ಮುಲಾನೇ ದುಂಡು ಮರದ ನಿಜವಾದ ಅಳತೆಗಿಂತ ಐದನೇ ಒಂದು ಭಾಗಕ್ಕೂ ಜಾಸ್ತಿ ಕಮ್ಮಿ ತೋರ್ಸುತ್ತೆ, ಅದು ನಂಗೆ ಗೊತ್ತಾಗಿದ್ದು ಲಾರಿ ಹೋದ್ಮೇಲೆ.

ಇಷ್ಟೇ ಆಗಿದ್ರೆ ದುಡ್ಡು ಹೋಯ್ತು ಅಂತ ಸುಮ್ನಾಗ್ತಿದ್ದೆ. ಜಾಸ್ತಿ ಕಡ್ದ 13 ಮರಾನೂ ಪಶ್ಚಿಮದ ಇಳಿಜಾರಿನವು, ರಸ್ತೆಗೆ ಹತ್ರ, ಲೋಡಿಂಗ್ ಸುಲಭ ಅಂತ. ಮಧ್ಯಾಹ್ನದ ಬಿಸಿಲು ನೇರ ಗಿಡದ ಕಾಂಡಕ್ಕೆ ಬೀಳೋಕೆ ಶುರುವಾಯ್ತು. ಏಪ್ರಿಲ್-ಮೇ ಬಿಳಿ ಕಾಂಡಕೊರಕ ಅನ್ನೋ ದುಂಬಿ ಹಾರೋ ಸಮಯ, ಅಕ್ಟೋಬರ್ ಆದ್ಮೇಲೆ ಇನ್ನೊಂದ್ಸಲ, ಬಿಸಿಲಲ್ಲಿರೋ ಅರೇಬಿಕಾ ಗಿಡ ಅಂದ್ರೆ ಅದಕ್ಕೆ ಹಬ್ಬ. ತೊಗಟೆ ಸಂದೀಲಿ ಮೊಟ್ಟೆ ಇಟ್ಟು ಹೋಗುತ್ತೆ, ಹುಳ ಒಳಗೇ ಕೊರೀತಾ ಇರುತ್ತೆ, ಹೊರಗೆ ತಿಂಗಳುಗಟ್ಟಲೆ ಏನೂ ಗೊತ್ತಾಗಲ್ಲ. ಮುಂದಿನ ವರ್ಷ ಚಿಗುರು ತೆಗೀತಿದ್ದಾಗ ನಮ್ಮ ಕೆಲಸದ ಲಕ್ಷ್ಮಕ್ಕ ಹಳದಿ ತಿರುಗಿದ ಗಿಡ ಒಂದನ್ನ ಹಿಡ್ದು ಅಲ್ಲಾಡಿಸಿದ್ರು, ಬುಡದಲ್ಲೇ ಲಟಕ್ ಅಂತ ಮುರೀತು, ಒಳಗೆಲ್ಲ ಹಿಟ್ಟು ತುಂಬಿದ ಹಾಗೆ ಪುಡಿ. ಆ ವರ್ಷ 310 ಗಿಡ ಕಿತ್ತು ಸುಟ್ವಿ. ಪಕ್ಕದ ರೋಬಸ್ಟಾ ಕಾಫಿ ತೋಟದವರಿಗೆ ಈ ಕಾಟ ಇಲ್ಲ, ಆರಾಮಾಗಿದಾರೆ. ನಾವು ಈಗ ಹಾಕಿರೋ ಸಸಿ ಕಾಯಿ ಬಿಡೋಕೆ ಇನ್ನೂ ಮೂರ್ನಾಲ್ಕು ವರ್ಷ ಬೇಕು, ನೆರಳಿಗೆ ಅಂತ ನೆಟ್ಟ ಹಾಲುವಾಣದ ಗೂಟ ಈಗಷ್ಟೇ ಚಿಗುರ್ತಿದೆ.

ಕೊಡೋರು ಕೊಡಿ, ಬೇಡ ಅನ್ನಲ್ಲ. ಮರಕ್ಕೆ ಎದೆಮಟ್ಟದಲ್ಲೂ ಬುಡದಲ್ಲೂ ಆಯಿಲ್ ಪೇಂಟಲ್ಲಿ ನಂಬರ್ ಹಾಕಿ, ಬುಡದ ನಂಬರ್ ಕಡ್ದ ಮೇಲೂ ಉಳಿಯುತ್ತೆ. ಟೇಪು ನಿಮ್ದೇ ಇರ್ಲಿ. ಇಷ್ಟನೇ ತಾರೀಖಿನೊಳಗೆ ಕಡೀದಿದ್ರೆ ವ್ಯಾಪಾರ ಕ್ಯಾನ್ಸಲ್ ಅಂತ ಬರೆಸ್ಕೊಳಿ, ಮುರಿದ ಗಿಡಕ್ಕೆ ಇಷ್ಟು ಅಂತಾನೂ. ಒಂದೇ ಕಡೆ ಬೋಳಿಸೋಕೆ ಬಿಡ್ಬೇಡಿ, ಪಶ್ಚಿಮದ ಕಡೆ ಅಂತೂ ಮುಟ್ಟಿಸ್ಲೇಬೇಡಿ. ಮೆಷಿನ್ ಓಡ್ತಿರೋವಷ್ಟು ದಿನ ಯಾರ ಮದ್ವೆಗೂ ಹೋಗ್ಬೇಡಿ.

ನಂಗೆ ಬರ್ಬೇಕಾದ್ದು ಇನ್ನೂ 38 ಸಾವಿರ ಬಾಕಿ ಇದೆ. ಫೋನ್ ಮಾಡಿದ್ರೆ "ಲೋಡಲ್ಲಿದೀನಿ ಅಣ್ಣ, ಸಂಜೆ ಮಾಡ್ತೀನಿ" ಅಂತಾನೆ.