ಬಾಡಿಗೆ ಮನೆಗೆ ಯಾವ ರಕ್ಷಣೆ? ಆರ್‌ಡಿ, ಭಾರತ್ ಗೃಹ ರಕ್ಷಾ, ಪ್ಯಾಕೇಜ್ ಪಾಲಿಸಿ ಮೂರನ್ನೂ ಬಳಸಿ ನೋಡಿದ ಮೇಲೆ

ನಳದ ನೀರು ಇಂಥ ಹೊತ್ತಿಗೇ ಬರುತ್ತದೆ ಎಂಬ ಖಾತ್ರಿ ಇಲ್ಲದ ಹುಬ್ಬಳ್ಳಿಯ ಓಣಿಗಳಲ್ಲಿ ಒಂದು ರೂಢಿ ಇದೆ. ರಾತ್ರಿ ಮಲಗುವಾಗ ನಳ ತೆರೆದು ಅದರ ಕೆಳಗೆ ಖಾಲಿ ಬಕೆಟ್ ಇಡುತ್ತೇವೆ. ನೀರು ಬಂದು ಬಕೆಟ್ಟಿನ ತಳಕ್ಕೆ ಬಡಿದ ಸಪ್ಪಳಕ್ಕೆ ಎಚ್ಚರವಾಗುತ್ತದೆ, ಎದ್ದು ತುಂಬಿಕೊಳ್ಳುತ್ತೇವೆ. 2023ರ ಏಪ್ರಿಲ್‌ನಲ್ಲಿ ಒಂದು ದಿನ ನಸುಕಿನಲ್ಲೇ ಗದಗಿನ ಮದುವೆಗೆ ಹೊರಟಾಗ, ಮಕ್ಕಳನ್ನು ಎಬ್ಬಿಸಿ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಆ ನಳ ಬಂದ್ ಮಾಡುವುದು ಮರೆತೆ. ಬಚ್ಚಲ ಜಾಳಿಗೆಯ ಮೇಲೆ ಒಂದು ಒದ್ದೆ ಅರಿವೆ ಬಿದ್ದಿತ್ತು. ಅದೂ ನನ್ನ ಗಮನಕ್ಕೆ ಬರಲಿಲ್ಲ.

ಅಕ್ಕಿಕಾಳು ಬೀಳುವ ಹೊತ್ತಿಗೆ ಫೋನ್ ಬಂತು. ನಾವಿರುವುದು ಗೋಕುಲ ರಸ್ತೆಯ ಹತ್ತಿರ, ಮೊದಲ ಮಹಡಿಯಲ್ಲಿ. ಕೆಳಗೆ ಒಂದು ಝೆರಾಕ್ಸ್ ಅಂಗಡಿ. "ಅಕ್ಕಾರ, ಎಲ್ಲಿದೀರಿ? ನಿಮ್ಮ ಮನಿ ನೀರು ನಮ್ಮ ಅಂಗಡ್ಯಾಗ ಸೋರಾಕತ್ತೈತ್ರಿ!" ನಾವು ವಾಪಸ್ ಬಂದು ನೋಡಿದಾಗ ಅವರ ಫ್ಯಾನಿನ ಕೊಳವೆಗುಂಟ ಇನ್ನೂ ನೀರು ಇಳಿಯುತ್ತಿತ್ತು. ನೆಲದ ಮೇಲೆ ಇಟ್ಟಿದ್ದ ಕಾಗದದ ಬಂಡಲ್‌ಗಳು ನೀರು ಕುಡಿದು ಉಬ್ಬಿ, ಸುತ್ತಿದ ಹಾಳೆಯನ್ನು ಒಡೆದುಕೊಂಡು ಹೊರಗೆ ಬಂದಿದ್ದವು. ಝೆರಾಕ್ಸ್ ಯಂತ್ರದ ಮುಚ್ಚಳ ಎತ್ತಿದರೆ ಗಾಜಿನ ಮೇಲೂ ನೀರು. ಆ ಅಂಗಡಿಯವರು ಕೂಗಾಡಲಿಲ್ಲ. ಯಂತ್ರದ ಸಾಲದ ಕಂತು ಇನ್ನೂ ಹದಿನಾಲ್ಕು ತಿಂಗಳು ಬಾಕಿ ಇದೆ ಎಂದಷ್ಟೇ ಹೇಳಿದರು.

ಯಂತ್ರದ ರಿಪೇರಿ, ಕಾಗದ ಎಲ್ಲ ಸೇರಿ ಅವರಿಗೆ ಆದ ಹಾನಿ 41,000 ರೂಪಾಯಿ. ಛಾವಣಿಯ ಬಣ್ಣ, ವೈರಿಂಗ್ ಅಂತ ಮಾಲಕರು ಡಿಪಾಸಿಟ್‌ನಲ್ಲಿ ಹಿಡಿದಿದ್ದು 9,000. ನಮ್ಮ ಗಾದಿ, ಹಿಟ್ಟಿನ ಡಬ್ಬಿ, ಮಗಳ ಪುಸ್ತಕ, ತಿಜೋರಿಯ ಕೆಳಗಿನ ಖಾನೆಯ ಸೀರೆಗಳು ಇದಕ್ಕೆ ಹೊರತು. ಬಾಡಿಗೆಯವರ ದೊಡ್ಡ ಗಂಡಾಂತರ ಟಿವಿ, ಫ್ರಿಜ್ ಕಳೆದುಕೊಳ್ಳುವುದು ಅಂತ ಅಲ್ಲಿಯವರೆಗೆ ತಿಳಿದಿದ್ದೆ. ನಮ್ಮ ಕೈಯಿಂದ ಮತ್ತೊಬ್ಬರಿಗೆ ಆಗುವ ಹಾನಿ ಅದಕ್ಕಿಂತ ದೊಡ್ಡದು, ಅದಕ್ಕೆ ಮಿತಿಯೂ ಇಲ್ಲ ಅಂತ ಅವತ್ತು ಗೊತ್ತಾಯಿತು. ಕೆಳಗೆ ಝೆರಾಕ್ಸ್ ಅಂಗಡಿಯ ಬದಲು ಮೊಬೈಲ್ ಅಂಗಡಿ ಇದ್ದಿದ್ದರೆ?

ಹೋಲಿಕೆಗೆ ಮುಂಚೆ ಒಂದು ತಪ್ಪು ತಿಳಿವಳಿಕೆಯ ಮಾತು. "ಮಾಲಕರು ಮನೆಗೆ ಇನ್ಶೂರೆನ್ಸ್ ಮಾಡಿಸ್ಯಾರ, ನಮಗ್ಯಾಕ?" ಅನ್ನುವವರು ನಮ್ಮ ಬಳಗದಲ್ಲೇ ಬಹಳ ಮಂದಿ. ನಮ್ಮ ಮಾಲಕರೂ ಗೃಹಸಾಲದ ಜೊತೆ ವಿಮೆ ಮಾಡಿಸಿದ್ದರು. ಅದು ಅವರ ಗೋಡೆ, ಛಾವಣಿಗೆ. ಒಳಗಿರುವ ನಮ್ಮ ಒಂದು ಚಮಚಕ್ಕೂ ಅದು ಬರುವುದಿಲ್ಲ. ಇನ್ನೂ ಒಂದಿದೆ: ಹಾನಿ ನಮ್ಮ ತಪ್ಪಿನಿಂದ ಆಗಿದ್ದರೆ, ವಿಮಾ ಕಂಪನಿಯು ಮಾಲಕರಿಗೆ ಹಣ ಕೊಟ್ಟು ಆಮೇಲೆ ಅದನ್ನು ನಮ್ಮಿಂದ ವಸೂಲಿ ಮಾಡಲು ಬರಬಹುದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಸಹಜ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ. ಆದರೆ ತಮ್ಮ ಕೃತ್ಯದಿಂದಲೋ ಲೋಪದಿಂದಲೋ ಆದ ಹಾನಿಯನ್ನು ಸರಿಪಡಿಸಿಕೊಡಬೇಕು. ಹನ್ನೊಂದು ತಿಂಗಳ ಕರಾರುಪತ್ರದಲ್ಲಿ ಈ ಮಾತು ಬರೆದಿರಲಿ, ಬಿಡಲಿ, ಹೊಣೆ ಇದ್ದೇ ಇರುತ್ತದೆ.

ಮೊದಲು ನಾವು ನಂಬಿದ್ದು ಅಂಚೆ ಕಚೇರಿಯ ಆರ್‌ಡಿಯನ್ನು. ತಿಂಗಳಿಗೆ 500 ರೂಪಾಯಿ, 60 ತಿಂಗಳು. ಕಂತಿನ ಲೆಕ್ಕದಲ್ಲೇ 30,000, ಮೇಲೆ ಬಡ್ಡಿ. ಇದರ ಒಳ್ಳೆಯ ಗುಣವನ್ನು ನಾನು ಸಣ್ಣದು ಮಾಡುವುದಿಲ್ಲ. ಹಾನಿ ಅಳೆಯಲು ವಿಮೆಯ ಸರ್ವೇಯರ್ ಬರಬೇಕಿಲ್ಲ, ಬಿಲ್ ಹುಡುಕಬೇಕಿಲ್ಲ, ಏನೂ ಆಗದಿದ್ದರೆ ರೊಕ್ಕ ನಮ್ಮದೇ. ಆದರೆ ಮೊದಲ ವರ್ಷದಲ್ಲೇ ಬೆಂಕಿ ಬಿದ್ದರೆ ಅದರಲ್ಲಿ ಇರುವುದು ಆರೇ ಸಾವಿರ. ಅಲ್ಲದೆ ಅದು ಮನೆಯ ಸಾಮಾನಿಗೆ ಅಂತ ಇಟ್ಟ ಹಣವಾಗಿ ಉಳಿಯಲಿಲ್ಲ. ಶಾಲೆಯ ಫೀ, ಅತ್ತೆಯ ಕಣ್ಣಿನ ಆಪರೇಷನ್ ಅಂತ ಮೂರು ವರ್ಷ ತುಂಬಿದ ಮೇಲೆ ಒಮ್ಮೆ ಮುರಿದೆವು. ಹೊಸದಾಗಿ ಶುರು ಮಾಡಿದ್ದೂ ಝೆರಾಕ್ಸ್ ಅಂಗಡಿಯ ಲೆಕ್ಕ ತೀರಿಸಲು ಹೋಯಿತು, ಸಾಲದೆ ತಮ್ಮನ ಹತ್ತಿರ ಕೈಗಡ ತಂದೆವು.

ಎರಡನೆಯದು ಭಾರತ್ ಗೃಹ ರಕ್ಷಾ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ಬಂದ ಪಾಲಿಸಿ ಇದು. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಮೂಲ ಷರತ್ತುಗಳು ಒಂದೇ. ಕಟ್ಟಡ ಬಿಟ್ಟು ಒಳಗಿನ ಸಾಮಾನಿಗೆ ಮಾತ್ರವೂ ಮಾಡಿಸಬಹುದು ಎನ್ನುವುದು ಬಾಡಿಗೆಯವರಿಗೆ ಮುಖ್ಯ. ಆ 2021ರ ಆಗಸ್ಟ್‌ನಲ್ಲೇ ಐದು ಲಕ್ಷಕ್ಕೆ ಮಾಡಿಸಿದೆ. ಜಿಎಸ್‌ಟಿ ಸೇರಿ ವರ್ಷಕ್ಕೆ 400 ರೂಪಾಯಿಯ ಒಳಗೇ ಆಯಿತು. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ಗಲಭೆ, ನೀರಿನ ಟ್ಯಾಂಕು ಪೈಪು ಒಡೆದು ಉಕ್ಕುವುದು, ಎಲ್ಲವೂ ಅದರಲ್ಲಿವೆ. 2019ರ ಆಗಸ್ಟ್ ಮಳೆಯಲ್ಲಿ ಉಣಕಲ್ ಕೆರೆ ತುಂಬಿ ಹರಿದಾಗ ನಾಲಾ ಪಕ್ಕದ ತಗ್ಗಿನ ಮನೆಗಳ ಗತಿ ನೋಡಿದವರಿಗೆ ಆ ಪಟ್ಟಿಯ ಬೆಲೆ ಗೊತ್ತು. ಮತ್ತೊಂದು ಒಳ್ಳೆಯ ಷರತ್ತು: ಬರೆಸಿದ ಮೊತ್ತ ಸಾಮಾನಿನ ನಿಜ ಬೆಲೆಗಿಂತ ಕಡಿಮೆ ಇದೆ ಅಂತ ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕಡಿತ ಮಾಡುವಂತಿಲ್ಲ.

ಮದುವೆಯ ದಿನದ ನೀರಿಗೆ ಈ ಪಾಲಿಸಿ ಚಾಲ್ತಿಯಲ್ಲಿತ್ತು. ನಮ್ಮ ಸಾಮಾನಿಗೆ 17,600 ರೂಪಾಯಿ ಬಂತು. ಬಿಲ್ಲೋ, ಹಳೆಯ ಫೋಟೋವೋ ತೋರಿಸಲು ಆದವುಗಳಿಗೆ ಬಂತು, ಉಳಿದವು ಹೋದವು. ಸರ್ವೇಯರ್ ಒಳ್ಳೆಯ ಮನುಷ್ಯರು, ಗಾದಿ ಎತ್ತಿ ಎತ್ತಿ ನೋಡಿ ಬರೆದುಕೊಂಡರು. "ಕೆಳಗಿನ ಅಂಗಡಿಯವರದ್ದೂ ಬರೀರಿ ಸರ್" ಅಂದೆ. "ಅದು ಇದರಾಗ ಬರಂಗಿಲ್ರಿ ಮೇಡಂ. ಇದು ನಿಮ್ಮ ಸಾಮಾನಿಂದಷ್ಟ" ಅಂದರು. ಮತ್ತೊಬ್ಬರಿಗೆ ಆದ ಹಾನಿಯ ಹೊಣೆ ಈ ಪಾಲಿಸಿಯಲ್ಲಿ ಇಲ್ಲ.

ಕಳ್ಳತನದ ವಿಷಯದಲ್ಲೂ ಬಹಳ ಮಂದಿ ಇಲ್ಲಿ ಮೋಸ ಹೋಗುತ್ತಾರೆ. ಬೆಂಕಿ, ಪ್ರವಾಹದಂಥ ಅವಘಡ ಆಗಿ, ಅದರಿಂದಾಗಿ ಏಳು ದಿನದೊಳಗೆ ಕಳ್ಳತನ ಆದರೆ ಮಾತ್ರ ಇದರಲ್ಲಿ ಪರಿಹಾರ. ಬರೀ ಕೀಲಿ ಒಡೆದು ಕದ್ದರೆ ಇಲ್ಲ. ಬಂಗಾರ ಬೆಳ್ಳಿಯನ್ನು ಬೇರೆಯಾಗಿ ಬೆಲೆ ಕಟ್ಟಿಸಿ ಸೇರಿಸಬೇಕು.

ಮದುವೆಯ ದಿನದ ಆ ಅವಘಡ ಆದ ಮೇಲೆ, 2023ರ ಜೂನ್‌ನಲ್ಲೇ ಪ್ಯಾಕೇಜ್ ಪಾಲಿಸಿಗೆ ಬದಲಾದೆ. ಹೌಸ್‌ಹೋಲ್ಡರ್ಸ್ ಪಾಲಿಸಿ ಅನ್ನುತ್ತಾರೆ. ಇದರಲ್ಲಿ ಭಾಗಗಳಿರುತ್ತವೆ, ನಮಗೆ ಬೇಕಾದವನ್ನು ಆರಿಸಿಕೊಳ್ಳಬೇಕು. ನಾನು ಆರಿಸಿದ್ದು ನಾಲ್ಕು: ಬೆಂಕಿ ಮತ್ತು ನೈಸರ್ಗಿಕ ವಿಕೋಪ, ಕಳ್ಳತನ, ವಿದ್ಯುತ್ ಉಪಕರಣಗಳ ಕೆಡುವಿಕೆ, ಮತ್ತು ಐದು ಲಕ್ಷದವರೆಗೆ ಮೂರನೆಯವರ ಹೊಣೆ, ಅಂದರೆ ನಮ್ಮಿಂದ ಮತ್ತೊಬ್ಬರಿಗೆ ಆದ ಹಾನಿಯದ್ದು. ವರ್ಷಕ್ಕೆ ಸುಮಾರು 2,700 ರೂಪಾಯಿ. ಭಾರತ್ ಗೃಹ ರಕ್ಷಾಕ್ಕಿಂತ ಏಳು ಪಟ್ಟು ಎಂದು ನನ್ನ ಯಜಮಾನರು ಮೊದಲು ಒಪ್ಪಲಿಲ್ಲ. ಆದರೆ ಈ ಹಣದ ದೊಡ್ಡ ಪಾಲು ಹೋಗುವುದು ಉಪಕರಣಗಳ ಭಾಗಕ್ಕೆ. ಹೊಣೆಯ ಭಾಗಕ್ಕೆ ತಗಲಿದ್ದು ಕೆಲವು ನೂರು ಮಾತ್ರ. ರೊಕ್ಕ ಉಳಿಸಬೇಕೆಂದರೆ ಉಪಕರಣದ ಭಾಗ ಕೈಬಿಡಿ, ಹೊಣೆಯದನ್ನು ಬಿಡಬೇಡಿ.

ಉಪಕರಣದ ಭಾಗ ನಮಗೆ ಒಮ್ಮೆ ಉಪಯೋಗಕ್ಕೆ ಬಂತು. 2025ರ ಬೇಸಿಗೆಯಲ್ಲಿ ಅಡ್ಡಮಳೆ ಹೊಡೆದ ಒಂದು ಸಂಜೆ ಕರೆಂಟ್ ಹೋಗಿ ಬಂದಾಗ ಫ್ರಿಜ್ಜಿನ ಕಂಪ್ರೆಸರ್ ಸುಟ್ಟಿತು. ರಿಪೇರಿ 6,200, ಕ್ಲೇಮಿನಲ್ಲಿ ನಾವೇ ಹೊರಬೇಕಾದ ಪಾಲು ಕಳೆದು ಬಂದದ್ದು ಐದು ಸಾವಿರ ಚಿಲ್ಲರೆ. ಹತ್ತು ವರ್ಷ ದಾಟಿದ ಯಂತ್ರವನ್ನು ಸೇರಿಸಿಕೊಳ್ಳುವುದಿಲ್ಲ ಅಂದಿದ್ದರಿಂದ ನಮ್ಮ ಹಳೆಯ ವಾಷಿಂಗ್ ಮಷೀನ್ ಹೊರಗೇ ಉಳಿದಿದೆ.

ಕಳ್ಳತನದ ಭಾಗದ ಬಿಗಿ ತಿಳಿದದ್ದು ನನ್ನ ತಮ್ಮನಿಂದ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ. ಅವನಿಗೂ ಇಂಥದೇ ಪಾಲಿಸಿ ಮಾಡಿಸಿದ್ದೆ. ಬಾಗಿಲು ಮುಂದೆ ಮಾಡಿ ಚಹಾ ಕುಡಿಯಲು ಹೋಗಿ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಇಲ್ಲ. ಎಫ್‌ಐಆರ್ ಆಯಿತು, ಕ್ಲೇಮ್ ಆಗಲಿಲ್ಲ. ಬಾಗಿಲೋ ಕಿಟಕಿಯೋ ಕೀಲಿಯೋ ಒಡೆದ ಗುರುತು ಬೇಕು ಅಂತ ಷರತ್ತು ಇತ್ತು. ಸಪ್ತಾಪುರದ ರೂಮುಗಳಲ್ಲಿ ಹುಡುಗರು ಒಬ್ಬರ ಚಾವಿ ಇನ್ನೊಬ್ಬರಿಗೆ ಕೊಟ್ಟು ಓಡಾಡುತ್ತಾರೆ. ಅವರ ತಂದೆ ತಾಯಿ ಈ ಷರತ್ತನ್ನು ಓದಿಯೇ ಹಣ ಕಟ್ಟಬೇಕು. ನನ್ನ ಪಾಲಿಸಿಯಲ್ಲಿ ಇನ್ನೊಂದೂ ಇದೆ: ಮನೆ ಸತತ 30 ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ಮುಂಚಿತವಾಗಿ ತಿಳಿಸಬೇಕು. ಬೇಸಿಗೆ ರಜೆಗೆ ಊರಿಗೆ ಹೋಗುವವರು ನೆನಪಿಡಬೇಕಾದ ಮಾತು.

ಹೊಣೆಯ ಭಾಗದಲ್ಲಿ ಎರಡು ಸಂಗತಿ ನನಗೆ ತಡವಾಗಿ ತಿಳಿದವು. ಒಂದು, ಕಂಪನಿಗೆ ತಿಳಿಸುವ ಮೊದಲೇ "ತಪ್ಪು ನಮ್ಮದೇ, ಇಷ್ಟು ಕೊಡುತ್ತೇವೆ" ಅಂತ ಮಾತು ಕೊಡಬಾರದು; ಕೊಟ್ಟರೆ ಕ್ಲೇಮಿಗೆ ತೊಂದರೆ. 2023ರಲ್ಲಿ ನಾನು ಮಾಡಿದ್ದು ಅದನ್ನೇ. ಕಂಗಾಲಾಗಿ ನಿಂತ ಮನುಷ್ಯನ ಎದುರು ಹಾಗೆ ಹೇಳದೆ ಇರುವುದು ಕಷ್ಟ. ಆದರೂ ಮೊದಲು ಫೋಟೋ, ಆಮೇಲೆ ಕಂಪನಿಗೆ ಫೋನ್, ಆಮೇಲೆ ಮಾತು. ಎರಡು, ಮೂರನೆಯವರ ಹೊಣೆ ಅಂದರೆ ಕೆಳಗಿನ ಅಂಗಡಿ, ಪಕ್ಕದ ಮನೆ, ಬಂದುಹೋಗುವವರು. ನಾವೇ ಇರುವ ಮಾಲಕರ ಗೋಡೆ, ಛಾವಣಿಯನ್ನು ನಮ್ಮ ವಶದಲ್ಲಿರುವ ಆಸ್ತಿ ಅಂತ ಹೊರಗಿಡುವ ಪಾಲಿಸಿಗಳಿವೆ. ಅದಕ್ಕೆ ಬಾಡಿಗೆದಾರರ ಹೊಣೆ ಅಂತ ಬೇರೆ ಸಾಲೇ ಬೇಕು. ಏಜೆಂಟರನ್ನು ಇದೊಂದು ಪ್ರಶ್ನೆ ಕೇಳಿ: "ನನ್ನ ಕೈಯಿಂದ ಮಾಲಕರ ಅಡುಗೆಮನೆ ಸುಟ್ಟರೆ ಕೊಡ್ತೀರೇನ್ರಿ?" ಉತ್ತರವನ್ನು ಪಾಲಿಸಿಯ ಪುಟದಲ್ಲೇ ತೋರಿಸಲು ಹೇಳಿ.

ಅಡುಗೆಮನೆ ಅಂದಾಗ ಸಿಲಿಂಡರಿನ ಮಾತೂ ಬಂತು. ಗ್ಯಾಸ್ ಅವಘಡಕ್ಕೆ ತೈಲ ಕಂಪನಿಗಳೇ ಮಾಡಿಸಿರುವ ವಿಮೆ ಇದೆ, ಅದಕ್ಕೆ ನಾವು ಬೇರೆ ಹಣ ಕಟ್ಟಬೇಕಿಲ್ಲ. ಆದರೆ ಅದರಲ್ಲಿ ಆಸ್ತಿ ಹಾನಿಗೆ ಇರುವ ಎರಡು ಲಕ್ಷದ ಮಿತಿಯ ಪರಿಹಾರ, ಕನೆಕ್ಷನ್ ನೋಂದಾಯಿಸಿದ ವಿಳಾಸದಲ್ಲಿ ಅವಘಡ ಆದರೆ ಮಾತ್ರ. ಮನೆ ಬದಲಿಸಿ, ಗ್ಯಾಸ್ ಪುಸ್ತಕದಲ್ಲಿ ಹಳೆಯ ವಿಳಾಸವನ್ನೇ ಇಟ್ಟುಕೊಂಡವರು ಎಷ್ಟು ಮಂದಿ ಇಲ್ಲ! ನಮ್ಮದೂ ಎರಡು ವರ್ಷ ಮಾಳಮಡ್ಡಿಯ ಹಳೆಯ ಮನೆಯ ವಿಳಾಸದಲ್ಲೇ ಇತ್ತು. ಏಜೆನ್ಸಿಗೆ ಹೋಗಿ ಬದಲಿಸಿ.

ಪಾಲಿಸಿಗೂ ಅಷ್ಟೇ, ವಿಳಾಸವೇ ಜೀವ. ಮನೆ ಬಿಟ್ಟರೆ ಹೊಸ ವಿಳಾಸ ಬರೆಸಿ. ಬೇಡವೆಂದರೆ ನಡುವೆಯೇ ರದ್ದು ಮಾಡಿ, ಕ್ಲೇಮ್ ಆಗಿರದಿದ್ದರೆ ಉಳಿದ ಅವಧಿಯ ಪ್ರೀಮಿಯಂ ವಾಪಸ್ ಪಡೆಯಬಹುದು. 2024ರ ನಿಯಮದಲ್ಲಿ ಇದಕ್ಕೆ ಅವಕಾಶ ಇದೆ.

ಇಬ್ಬರೇ ಇರುವ, ಸಾಮಾನು ಕಡಿಮೆ ಇರುವ, ನೆಲಮಹಡಿಯ ಮನೆಗೆ ನಾನು ಭಾರತ್ ಗೃಹ ರಕ್ಷಾ ಸಾಕು ಅನ್ನುತ್ತೇನೆ. ಮೇಲ್ಮಹಡಿಯಲ್ಲಿದ್ದರೆ, ಕೆಳಗೆ ಅಂಗಡಿ ಇದ್ದರೆ, ಪ್ಯಾಕೇಜ್. ಆರ್‌ಡಿಯನ್ನೂ ಮುಂದುವರಿಸಿದ್ದೇನೆ, ಕ್ಲೇಮಿನಲ್ಲಿ ನಮ್ಮ ಪಾಲಿಗೆ ಬರುವ ಕಡಿತಕ್ಕೆ ಅದು ಬೇಕು. ವರ್ಷಕ್ಕೊಮ್ಮೆ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಒಂದೊಂದೇ ಖಾನೆ ತೆರೆದು ಮೊಬೈಲಿನಲ್ಲಿ ವಿಡಿಯೋ ಮಾಡಿ, ಬಿಲ್‌ಗಳ ಫೋಟೋ ಜೊತೆ ತಮ್ಮನಿಗೆ ಕಳಿಸಿಬಿಡುತ್ತೇನೆ. ಮನೆಯೇ ಸುಟ್ಟರೆ ಫೋನೂ ಸುಡುತ್ತದೆ.

ಈ ಸಲ ನವೀಕರಣದಲ್ಲಿ ಬಾಡಿಗೆದಾರರ ಹೊಣೆಯ ಸಾಲು ಹಾಕಿಸಲು ಹೇಳಿದ್ದೆ; ಬಂದ ಪ್ರತಿಯಲ್ಲಿ ಅದು ಇರಲಿಲ್ಲ. ವಾಪಸ್ ಕಳಿಸಿ, ತಿದ್ದಿಸಿ ತರಿಸಿಕೊಂಡೆ. ಕೆಳಗಿನ ಅಂಗಡಿಯಲ್ಲೇ ಅದರ ಝೆರಾಕ್ಸ್ ಮಾಡಿಸಿ ಮಾಲಕರಿಗೆ ಕೊಟ್ಟೆ. ಕಾಕಾರು ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿ, ಕರಾರುಪತ್ರ ಇಟ್ಟ ಪ್ಲಾಸ್ಟಿಕ್ ಚೀಲದಲ್ಲೇ ಇದನ್ನೂ ಇಟ್ಟುಕೊಂಡರು.