ಹಳೆಯ ಗಿಬ್ಸನ್ ಎಲ್-7: ಕೇಳುತ್ತಿರುವ ಬೆಲೆಗೆ ತಕ್ಕ ವಾದ್ಯವೇ?

ಮಾರಾಟಕ್ಕಿರುವ ಈ ಗಿಟಾರ್ 1940ರ ದಶಕದ ಕೊನೆಯ ಭಾಗದಲ್ಲಿ ಅಮೆರಿಕದ ಗಿಬ್ಸನ್ ಕಂಪನಿ ಮಾಡಿದ ಎಲ್-7. ಅದೇ ಕಾಲದ, ಯಾರೂ ಕೈಹಚ್ಚದ, ಎಲ್ಲ ಭಾಗಗಳೂ ಮೂಲದವೇ ಆಗಿರುವ ಎಲ್-7ಕ್ಕೆ ಸಲ್ಲುವ ಬೆಲೆಯನ್ನೇ ಮಾರುವವರು ಇದಕ್ಕೂ ಕೇಳುತ್ತಿದ್ದಾರೆ. ಗಿಟಾರನ್ನು ನುಡಿಸಿ, ಚಿಕ್ಕ ಕನ್ನಡಿ ಮತ್ತು ದೀಪ ಹಿಡಿದು ಅದರ ಒಳಹೊರಗನ್ನು ಪರೀಕ್ಷಿಸಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಇದರ ನಾದಕ್ಕೆ ಆ ಬೆಲೆ ಒಪ್ಪುತ್ತದೆ, ಇದರ ಈಗಿನ ಸ್ಥಿತಿಗೆ ಒಪ್ಪುವುದಿಲ್ಲ.

ಪಿಟೀಲಿನಂತೆ ಉಬ್ಬಿದ ಮೇಲ್ಹಲಗೆ ಮತ್ತು ಎಫ್ ಆಕಾರದ ರಂಧ್ರಗಳಿರುವ 'ಆರ್ಚ್‌ಟಾಪ್' ಗಿಟಾರಿಗೆ ಮಾದರಿ ಹಾಕಿಕೊಟ್ಟದ್ದು, 1920ರ ದಶಕದ ಆರಂಭದಲ್ಲಿ ಕಂಪನಿಯ ವಿನ್ಯಾಸಕ ಲಾಯ್ಡ್ ಲೋರ್ ಅವರ ಉಸ್ತುವಾರಿಯಲ್ಲಿ ಗಿಬ್ಸನ್ ಹೊರತಂದ ಎಲ್-5. 1930ರ ದಶಕದ ನಡುವೆ ಅದರ ಒಡಲು 16 ಇಂಚಿನಿಂದ 17 ಇಂಚಿನ ಅಗಲಕ್ಕೆ ಬೆಳೆಯಿತು, ಎಲ್-7 ಕೂಡ ಅದೇ ಅಳತೆಗೆ ಬಂದಿತು. ಇಡಿಯ ಸ್ಪ್ರೂಸ್ ಹಲಗೆಯನ್ನು ಕೆತ್ತಿ ಉಬ್ಬಿಸಿದ ಮೇಲ್ಭಾಗ, ಮೇಪಲ್ ಮರದ ಬೆನ್ನು ಮತ್ತು ಪಕ್ಕಗಳು ಎರಡಕ್ಕೂ ಸಮಾನ. ಎಲ್-5ರಲ್ಲಿ ಚಿನ್ನದ ಲೇಪ, ಎಬೊನಿ ಮರದ ಫಿಂಗರ್‌ಬೋರ್ಡ್ (ಬೆರಳೊತ್ತುವ ಪಟ್ಟಿ) ಇರುವ ಕಡೆ ಎಲ್-7ರಲ್ಲಿ ನಿಕ್ಕಲ್ ಮತ್ತು ರೋಸ್‌ವುಡ್ ಇವೆ. ಅಲಂಕಾರಕ್ಕಿಂತ ನಾದವನ್ನು ಬಯಸುವವರಿಗೆ ಇದು ಬಹಳ ಒಳ್ಳೆಯ ಆಯ್ಕೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆ ನಾದ ಈ ಗಿಟಾರಿನಲ್ಲಿ ಚೆನ್ನಾಗಿ ಉಳಿದಿದೆ. ಮೀಟಿದೊಡನೆ ಸ್ವರ ತಟ್ಟನೆ ಎದ್ದು ಬರುತ್ತದೆ, ಬೇಗ ತಗ್ಗುತ್ತದೆ. ಮೈಕ್ ಇಲ್ಲದ ಕಾಲದಲ್ಲಿ ತುತ್ತೂರಿಗಳೂ ಡ್ರಮ್ಮೂ ಇರುವ ಜಾಸ್ ವಾದ್ಯವೃಂದದ ನಡುವೆ ತಾಳದ ಏಟನ್ನು ಕೇಳಿಸಬೇಕಾಗಿದ್ದ ವಾದ್ಯಕ್ಕೆ ಬೇಕಾದ ಗುಣ ಇದೇ. ಚಪ್ಪಟೆ ಮೇಲ್ಹಲಗೆಯ ಗಿಟಾರಿನ ತುಂಬು ಮಂದ್ರಕ್ಕೆ ಕಿವಿ ಒಗ್ಗಿದವರಿಗೆ ಮೊದಲ ಬಾರಿಗೆ ಇದು ಒಣಕಲು ಎನಿಸಬಹುದು. ಆದರೆ ದಪ್ಪ ತಂತಿಗಳನ್ನು ಹಾಕಿ, ಒಟ್ಟಿಗೆ ಮೊಳಗುವ ಮೂರು ಸ್ವರಗಳ ಸಣ್ಣ ಗುಂಪುಗಳನ್ನು (ಕಾರ್ಡ್) ನುಡಿಸಿದರೆ ಪ್ರತಿ ಸ್ವರವೂ ಬೇರೆಬೇರೆಯಾಗಿ ಕೇಳುವ ಸ್ಪಷ್ಟತೆ ಪದರಗಳನ್ನು ಅಂಟಿಸಿ ಒತ್ತಿ ಮಾಡಿದ ಮೇಲ್ಹಲಗೆಯಿಂದ ಬರುವಂಥದ್ದಲ್ಲ. ಮೇಲ್ಹಲಗೆ ಯಾವ ಬಗೆಯದೆಂದು ತಿಳಿಯಲು ಎಫ್ ರಂಧ್ರದ ಅಂಚನ್ನು ನೋಡಿದರೆ ಸಾಕು. ಇಲ್ಲಿ ಮರದ ಎಳೆ ಮೇಲಿನಿಂದ ಕೆಳಗಿನವರೆಗೆ ಒಂದೇ ಆಗಿ ಇಳಿದಿದೆ, ಪದರಗಳ ಗೆರೆಯಿಲ್ಲ.

ಕಾಲದ ಬಗ್ಗೆ ತಕರಾರಿಲ್ಲ. ಗಿಟಾರಿನ ತಲೆಯ ಮೇಲೆ ಎರಡನೆಯ ಮಹಾಯುದ್ಧದ ನಂತರದ ದಪ್ಪ ಅಕ್ಷರಗಳಲ್ಲಿ ಕಂಪನಿಯ ಹೆಸರಿದೆ, ಒಳಗೆ ಬಿಳಿಯ ಅಂಡಾಕಾರದ ಚೀಟಿಯಲ್ಲಿ 1947ರಲ್ಲಿ ಆರಂಭವಾದ 'ಎ' ಸರಣಿಯ ಸಂಖ್ಯೆಯಿದೆ.

ತೊಂದರೆ ನೆಕ್‌ನ, ಎಂದರೆ ಗಿಟಾರಿನ ಉದ್ದನೆಯ ಕತ್ತಿನ, ಕೋನದಲ್ಲಿದೆ, ಬೆಲೆಯ ಪ್ರಶ್ನೆ ಬಹುಮಟ್ಟಿಗೆ ನಿಂತಿರುವುದೂ ಅದರ ಮೇಲೆಯೇ. ಆರ್ಚ್‌ಟಾಪ್‌ನಲ್ಲಿ ಮೇಲ್ಹಲಗೆಯ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಜ್ ಅಂಟಿಸಿದ್ದಲ್ಲ. ತಂತಿಗಳ ಒತ್ತಡದಿಂದ ಅದು ನಿಂತಿರುತ್ತದೆ ಮತ್ತು ಎರಡು ಚಿಕ್ಕ ಚಕ್ರಗಳನ್ನು ತಿರುಗಿಸಿ ಅದನ್ನು ಏರಿಸಬಹುದು, ಇಳಿಸಬಹುದು. ದಶಕಗಳ ಕಾಲ ತಂತಿಗಳ ಎಳೆತಕ್ಕೆ ನೆಕ್ ಮುಂದಕ್ಕೆ ಬಾಗಿದಂತೆ ತಂತಿಗಳು ಫ್ರೆಟ್‌ಗಳಿಂದ (ಫಿಂಗರ್‌ಬೋರ್ಡಿನ ಮೇಲಿನ ಅಡ್ಡ ಲೋಹದ ಪಟ್ಟಿಗಳಿಂದ) ಮೇಲೇಳುತ್ತವೆ, ನುಡಿಸುವವರು ಬ್ರಿಜ್ಜನ್ನು ಇಳಿಸುತ್ತಾ ಹೋಗುತ್ತಾರೆ. ಈ ಗಿಟಾರಿನಲ್ಲಿ ಆ ಚಕ್ರಗಳು ತಳ ಮುಟ್ಟಿವೆ. ಸಾಲದೆಂದು ಬ್ರಿಜ್‌ನ ಮೇಲ್ತುಂಡನ್ನು ಯಾರೋ ಉಜ್ಜಿ ತೆಳುವಾಗಿಸಿದ್ದಾರೆ. ಆದರೂ ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಗಳು ಎತ್ತರವಾಗಿಯೇ ಇವೆ. ಬ್ರಿಜ್ ಕುಗ್ಗಿದಷ್ಟೂ ಅದರ ಮೇಲೆ ತಂತಿ ಬಾಗುವ ಕೋನ ಕಡಿಮೆಯಾಗಿ, ಹಲಗೆಯ ಮೇಲಿನ ಒತ್ತಡ ಇಳಿದು, ನಾದವೂ ಸೊರಗುತ್ತದೆ. ಹಾಗಾಗಿ ಇದನ್ನು ಬೆರಳಿನ ಅನುಕೂಲದ ಪ್ರಶ್ನೆಯೆಂದಷ್ಟೇ ತಳ್ಳಿಹಾಕುವಂತಿಲ್ಲ. ಮೇಲ್ಹಲಗೆ ಕುಸಿದಿದೆಯೇ ಎಂದು ನೇರ ಅಳತೆಪಟ್ಟಿಯಿಟ್ಟು ನೋಡಿದೆ. ಉಬ್ಬು ಸರಿಯಾಗಿದೆ, ಒಳಗಿನ ಆಧಾರಪಟ್ಟಿಗಳು ಬಿಟ್ಟಿಲ್ಲ. ಹಲಗೆ ಕುಸಿದಿದ್ದರೆ ನಾನು ಅಲ್ಲಿಗೇ ಮಾತು ಮುಗಿಸುತ್ತಿದ್ದೆ. ನೆಕ್‌ನ ಕೀಲನ್ನು ಬಿಡಿಸಿ ಮತ್ತೆ ಕೂರಿಸುವುದು ನುರಿತ ಕುಶಲಕರ್ಮಿಯಿಂದ ಆಗುವ ಕೆಲಸ, ಆದರೆ ದುಬಾರಿ. ಅದರ ವೆಚ್ಚವನ್ನು ಕೇಳುತ್ತಿರುವ ಬೆಲೆಯಿಂದ ಪೂರ್ತಿಯಾಗಿ ಕಳೆಯಲೇಬೇಕು.

ಉಳಿದ ಕುಂದುಗಳು ಒಂದೊಂದೂ ಚಿಕ್ಕವು. ನೇರಳಾತೀತ ದೀಪದಡಿ ಒಡಲಿನ ಹಳೆಯ ಲ್ಯಾಕರ್ ತಿಳಿ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯಿತು. ನೆಕ್‌ನ ಹಿಂಭಾಗ ಮಾತ್ರ ಕಪ್ಪಾಗಿ ಉಳಿಯಿತು. ಅಂದರೆ ಅಲ್ಲಿ ನಂತರ ಲೇಪ ಬಳಿಯಲಾಗಿದೆ. ಇಡೀ ಗಿಟಾರಿಗೆ ಹೊಸ ಲೇಪ ಬಿದ್ದಿದ್ದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯುವುದು ಈ ವಹಿವಾಟಿನ ರೂಢಿಯ ಲೆಕ್ಕ. ಇಲ್ಲಿ ಅಷ್ಟು ಕಳೆಯಬೇಕಿಲ್ಲ. ಶ್ರುತಿಯ ಬಿರಡೆಗಳು ಬದಲಾಗಿವೆ, ಹಳೆಯ ಸ್ಕ್ರೂ ತೂತುಗಳು ಪಕ್ಕದಲ್ಲೇ ಕಾಣುತ್ತವೆ. ಒಂದು ಎಫ್ ರಂಧ್ರದ ಬಳಿಯ ಸೀಳನ್ನು ಒಳಗಿನಿಂದ ಅಚ್ಚುಕಟ್ಟಾಗಿ ಸರಿಪಡಿಸಲಾಗಿದೆ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಡಿಆರ್ಮಂಡ್ ಕಂಪನಿಯ ಪಿಕಪ್ಪನ್ನು ಮೇಲ್ಹಲಗೆಗೆ ತಾಗದಂತೆ ತೂಗುಹಾಕಿರುವುದು ದೊಡ್ಡ ಸಮಾಧಾನ, ಏಕೆಂದರೆ ಕೆತ್ತಿದ ಹಲಗೆಯನ್ನು ಕತ್ತರಿಸಿ ಪಿಕಪ್ ಕೂರಿಸಿದ್ದರೆ ಆ ನಷ್ಟವನ್ನು ಯಾವ ರಿಪೇರಿಯೂ ತುಂಬದು. ಆದರೆ ಅದರ ವಿದ್ಯುತ್ ತಂತಿಗಾಗಿ ಪಕ್ಕದಲ್ಲಿ ಕೊರೆದ ತೂತು ಶಾಶ್ವತ. ಸೆಲ್ಯುಲಾಯ್ಡ್ ಅಂಚುಪಟ್ಟಿ ಎಲ್ಲಿಯೂ ಪುಡಿಯಾಗಿಲ್ಲ. ಹಳೆಯ ಸೆಲ್ಯುಲಾಯ್ಡ್ ಕೊಳೆಯಲಾರಂಭಿಸಿದರೆ ಅದರಿಂದ ಹೊರಡುವ ಆಮ್ಲೀಯ ಅನಿಲ ಹತ್ತಿರದ ಲೋಹವನ್ನೂ ತಿನ್ನುವುದರಿಂದ, ತಂತಿಗಳ ಬುಡ ಹಿಡಿದಿರುವ ಲೋಹದ ಟೇಲ್‌ಪೀಸ್ ಮೇಲೆ ಹಸಿರು ತುಕ್ಕಿದೆಯೇ ಎಂದು ಕೊಳ್ಳುವವರೆಲ್ಲರೂ ನೋಡಬೇಕು. ಇಲ್ಲಿ ಅದು ಇಲ್ಲ. ಗಿಟಾರನ್ನು ದೇಶದಾಚೆಗೆ ಕೊಂಡೊಯ್ಯುವವರು ಫಿಂಗರ್‌ಬೋರ್ಡಿನ ಮರ ಯಾವುದೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬ್ರೆಜಿಲ್‌ನ ರೋಸ್‌ವುಡ್ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ, ಅದಕ್ಕೆ ಅನುಮತಿಪತ್ರ ಬೇಕಾಗುತ್ತದೆ.

ಕೂಡಿಟ್ಟು ಕಾಯುವ ಸಂಗ್ರಾಹಕರಿಗೆ ಇದು ತಕ್ಕುದಲ್ಲ. ಬಿರಡೆ, ಲೇಪ ಮತ್ತು ತೂತು ಮೂರೂ ಸೇರಿ ಇದನ್ನು ಆ ಸಾಲಿನಿಂದ ಹೊರಗಿಟ್ಟಿವೆ. ದಿನವೂ ನುಡಿಸುವವರ ಮಾತು ಬೇರೆ. ಕೇಳುತ್ತಿರುವ ಬೆಲೆಯಲ್ಲಿ ಕಾಲು ಭಾಗವನ್ನು ಈ ಬದಲಾವಣೆಗಳಿಗಾಗಿ ಕಳೆದು, ಉಳಿದದ್ದರಿಂದ ನೆಕ್ ಕೂರಿಸುವ ಮತ್ತು ಹೊಸ ಬ್ರಿಜ್‌ನ ವೆಚ್ಚವನ್ನೂ ಕಳೆದು ಕೊಡಲು ಮಾರುವವರು ಒಪ್ಪಿದರೆ ಹಿಂಜರಿಯದೆ ಕೊಳ್ಳಿರೆಂದು ಹೇಳುತ್ತೇನೆ. ಒಪ್ಪದಿದ್ದರೆ ಅದೇ ಹಣಕ್ಕೆ ಮೂಲಸ್ಥಿತಿಯಲ್ಲಿರುವ ಮತ್ತೊಂದು ಎಲ್-7ಕ್ಕಾಗಿ ಕಾಯುವುದು ಲೇಸು.