ಬೆಳೆಗಾರರ ತಾಂತ್ರಿಕ ಸಮಾವೇಶ, ಚಿಕ್ಕಮಗಳೂರು: ವಿಷಯ ಚೆನ್ನಾಗಿತ್ತು, ಟೈಮ್ ಹಂಚಿದ್ದು ಸರಿ ಇರ್ಲಿಲ್ಲ

ಮೂರು ಸ್ಟಾರ್ ಕೊಡ್ತೀನಿ, ಅದೂ ಕಾಂಡಕೊರಕದ (ಕಾಫಿ ಗಿಡದ ಕಾಂಡ ಕೊರೆಯೋ ಹುಳ) ಸೆಷನ್‌ಗೋಸ್ಕರ. ಅರೇಬಿಕಾ ಕಾಫಿ ಇಟ್ಕೊಂಡೋರಿಗೆ ಬಿಳಿ ಕಾಂಡಕೊರಕಕ್ಕಿಂತ ದೊಡ್ಡ ತಲೆನೋವು ಯಾವ್ದಿದೆ ಹೇಳಿ, ಏಪ್ರಿಲ್-ಮೇ ಒಂದ್ಸಲ, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದ್ಸಲ ಆ ಹುಳ ಬೆಳೆದು ಆಗೋ ದುಂಬಿ ಹಾರಾಟ, ಅಷ್ಟರೊಳಗೆ ಹುಳ ಬಿದ್ದಿರೋ ಗಿಡ ಹುಡುಕಿ ಕಿತ್ತು ಸುಡ್ಬೇಕು. ಹೇಳ್ಕೊಡ್ತಿದ್ದವರು ಒಂದು ಕಾಂಡ ಸೀಳಿ ಒಳಗೆ ಪುಡಿ ತುಂಬಿದ್ದ ಸುರಂಗ ತೋರಿಸಿದ್ರು, ತೊಗಟೆ ಮೇಲೆ ಉಬ್ಬಿರೋ ಗೆರೆ ಬೆರಳಲ್ಲಿ ಮುಟ್ಟಿ ನೋಡೋಕೆ ಕೊಟ್ರು, ಆ ತುಂಡು ಹಿಂದಿನ ಸಾಲಿಗೆ ಬರೋಷ್ಟರಲ್ಲಿ ಟೈಮ್ ಆಯ್ತು ಅಂತ ಬೆಲ್ ಹೊಡೆದೇಬಿಟ್ರು! 20 ನಿಮಿಷ ಸಾಕಾ ಇದಕ್ಕೆ?

ಡ್ರೋನ್ ಸ್ಪ್ರೇ ಡೆಮೊಗೆ ಮಾತ್ರ ಒಂದೂವರೆ ಗಂಟೆ, ಅಷ್ಟಾದ್ರೂ ಸಿಲ್ವರ್ ಓಕ್ ನೆರಳಿನ ಕೆಳಗಿರೋ ಗಿಡಕ್ಕೆ ಮೇಲಿಂದ ಹೊಡೆದ ಔಷಧಿ ಎಷ್ಟು ತಲುಪುತ್ತೆ ಅಂತ ಯಾರೋ ಕೇಳಿದ್ದಕ್ಕೆ ಉತ್ತರ ಸಿಗ್ಲಿಲ್ಲ. ಕಾಳುಮೆಣಸಿನ ಸೊರಗು ರೋಗವನ್ನ ಊಟಕ್ಕೆ ಮುಂಚೆ ಹಂಗೇ ಓಡಿಸಿದ್ರು. ಊಟ ಚೆನ್ನಾಗಿತ್ತು.

ಆಯೋಜಕರೇ, ಮುಂದಿನ ಸಲ ರಿಜಿಸ್ಟ್ರೇಷನ್ ಫಾರಂನಲ್ಲೇ ಯಾವ ವಿಷಯ ಜಾಸ್ತಿ ಬೇಕು ಅಂತ ಕೇಳಿ, ಹೆಚ್ಚು ಜನ ಕೇಳಿದ್ದನ್ನ ಬೆಳಿಗ್ಗೆನೇ ಇಡಿ, ಪ್ರತಿ ಸೆಷನ್‌ನಲ್ಲೂ ಕಾಲು ಭಾಗ ಬರೀ ಪ್ರಶ್ನೆಗೆ ಅಂತ ಎತ್ತಿಡಿ ಸಾರ್.